ಟರ್ಬೊ ಕಾರಿಗೆ ಕ್ಯಾಚ್ ಕ್ಯಾನ್: ಯಾರಿಗೆ ಬೇಕು, ಯಾರಿಗೆ ಬೇಡ

ಬೆಂಗಳೂರಿನ ಜೆ.ಸಿ. ರಸ್ತೆಯ ಕಾರು ಬಿಡಿಭಾಗಗಳ ಅಂಗಡಿಗಳಲ್ಲಿ ಹುಡುಕಿದರೆ ಸೀಟ್ ಕವರು, ಮ್ಯಾಟು, ಹಾರನ್ನುಗಳ ನಡುವೆ ಅಲ್ಯೂಮಿನಿಯಂನ ಪುಟ್ಟ ಡಬ್ಬಿಯೊಂದು ಸಿಗುತ್ತದೆ. ಎರಡು ಮೂತಿ, ಎರಡು ಹೋಸು, ನಾಲ್ಕು ಕ್ಲಿಪ್ಪು. ಅದರ ಹೆಸರು ಆಯಿಲ್ ಕ್ಯಾಚ್ ಕ್ಯಾನ್. ಟರ್ಬೊ ಪೆಟ್ರೋಲ್ ಕಾರು ಕೊಂಡವರ ಕಿವಿಗೆ ಈ ಹೆಸರು ಒಂದಲ್ಲ ಒಂದು ದಿನ ಬಿದ್ದೇ ಬೀಳುತ್ತದೆ. "ಇದನ್ನ ಹಾಕಿಸದಿದ್ರೆ ವಾಲ್ವ್ ಮೇಲೆಲ್ಲ ಕಾರ್ಬನ್ ಕಟ್ಟಿ ಎಂಜಿನ್ ಹಾಳಾಗುತ್ತೆ ಸಾರ್" ಎಂದು ಒಬ್ಬರು ಹೆದರಿಸುತ್ತಾರೆ. "ಹಾಕಿಸಿದ್ರೆ ವಾರಂಟಿ ಹೋಯ್ತು ಅಂತಲೇ ತಿಳ್ಕೊಳ್ಳಿ" ಎಂದು ಇನ್ನೊಬ್ಬರು ಹೆದರಿಸುತ್ತಾರೆ. ಇಬ್ಬರ ಮಾತಿನಲ್ಲೂ ಅಷ್ಟಿಷ್ಟು ನಿಜವಿದೆ. ಆದರೆ ಸಾಲ ಮಾಡಿ, ತಿಂಗಳು ತಿಂಗಳು ಕಂತು ಕಟ್ಟಿ ಕಾರು ಓಡಿಸುವ ಮನೆಯವರಿಗೆ ಅಷ್ಟಿಷ್ಟು ನಿಜ ಸಾಲದು. ಡಬ್ಬಿ ಏನನ್ನು ಹಿಡಿಯುತ್ತದೆ, ಅದು ಎಲ್ಲಿಂದ ಬರುತ್ತದೆ ಎಂಬುದು ತಿಳಿದರೆ ಬೇಕೋ ಬೇಡವೋ ಎಂಬುದನ್ನು ಅವರೇ ತೀರ್ಮಾನಿಸಬಹುದು. ಯಾರ ಹೆದರಿಕೆಗೂ ಬಗ್ಗಬೇಕಿಲ್ಲ.

ಸಿಲಿಂಡರಿನೊಳಗೆ ಪೆಟ್ರೋಲ್ ಹೊತ್ತಿಕೊಂಡಾಗ ಹುಟ್ಟುವ ಒತ್ತಡವನ್ನು ಮೇಲೆಯೇ ತಡೆದು ನಿಲ್ಲಿಸುವುದು ಪಿಸ್ಟನ್ ಸುತ್ತಲಿನ ರಿಂಗುಗಳ ಕೆಲಸ. ರಿಂಗು ಎಷ್ಟೇ ಬಿಗಿಯಾಗಿರಲಿ, ಕಾರು ನಿನ್ನೆಯೇ ಷೋರೂಮಿನಿಂದ ಹೊರಬಂದಿರಲಿ, ಒಂದಷ್ಟು ಅನಿಲ ಸಂದಿಯಲ್ಲಿ ನುಸುಳಿ ಕೆಳಗಿನ ಕ್ರ್ಯಾಂಕ್‌ಕೇಸಿಗೆ ಇಳಿದೇ ಇಳಿಯುತ್ತದೆ. ಗ್ಯಾರೇಜಿನ ಮಾತಿನಲ್ಲಿ ಇದು ಬ್ಲೋ-ಬೈ. ಅದರಲ್ಲಿ ಉರಿಯದ ಪೆಟ್ರೋಲಿನ ಆವಿ, ಉರಿದ ಹೊಗೆ, ನೀರಾವಿ ಮೂರೂ ಇರುತ್ತವೆ. ನೀರು ಎಲ್ಲಿಂದ ಬಂತು ಎಂದು ಕೇಳಬಹುದು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿದರೆ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್ ಮೂಲಕ ಆವಿಯಾಗಿ ಹೊರಹೋದರೆ, ಚೂರುಪಾರು ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಅಲ್ಲಿ ಕ್ರ್ಯಾಂಕ್‌ಶಾಫ್ಟ್ ತಿರುಗುವ ರಭಸಕ್ಕೆ ಎಂಜಿನ್ ಆಯಿಲ್ ಸಣ್ಣ ಸಣ್ಣ ಹನಿಯಾಗಿ ಒಡೆದು ತೇಲುತ್ತಿರುತ್ತದೆ. ಎಲ್ಲವೂ ಬೆರೆತು ಅಲ್ಲಿ ಒತ್ತಡ ಏರುತ್ತದೆ. ಟರ್ಬೊ ಎಂಜಿನ್ ಅಂದರೆ ಗಾಳಿಯನ್ನು ಒತ್ತಿ ತುಂಬಿಸುವ ಎಂಜಿನ್. ಸಿಲಿಂಡರಿನ ಒತ್ತಡ ಹೆಚ್ಚಾದಷ್ಟೂ ರಿಂಗು ದಾಟಿ ಇಳಿಯುವ ಅನಿಲವೂ ಹೆಚ್ಚು.

ಈ ಅನಿಲವನ್ನು ಹೊರಗೆ ಹಾಕದಿದ್ದರೆ ಸೀಲುಗಳು ಬಿಟ್ಟುಕೊಂಡು ಆಯಿಲ್ ಸೋರುತ್ತದೆ. ಹಿಂದೆ ಇದಕ್ಕೆ ಸುಲಭದ ದಾರಿಯಿತ್ತು: ಎಂಜಿನ್ನಿನ ಕೆಳಕ್ಕೆ ಒಂದು ಕೊಳವೆ ಇಳಿಬಿಟ್ಟು ರಸ್ತೆಯ ಮೇಲೆ ಉಗುಳಿಬಿಡುವುದು. ಲಾಸ್ ಏಂಜಲೀಸ್ ನಗರದ ಕಣ್ಣುರಿಸುವ ಹೊಗೆಗೆ ಕಾರುಗಳ ಹೈಡ್ರೋಕಾರ್ಬನ್ ಆವಿ ಮತ್ತು ಬಿಸಿಲು ಸೇರಿ ಆಗುವ ರಾಸಾಯನಿಕ ಕ್ರಿಯೆಯೇ ಕಾರಣವೆಂದು 1950ರ ದಶಕದಲ್ಲಿ ಆರಿ ಹಾಗನ್-ಸ್ಮಿತ್ ಎಂಬ ವಿಜ್ಞಾನಿ ತೋರಿಸಿಕೊಟ್ಟರು. ಆ ಆವಿಯಲ್ಲಿ ದೊಡ್ಡದೊಂದು ಪಾಲು ಸೈಲೆನ್ಸರಿನಿಂದಲ್ಲ, ಈ ಕೊಳವೆಯಿಂದಲೇ ಬರುತ್ತಿತ್ತು. 1961ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಪಿಸಿವಿ ವಾಲ್ವ್ ಬರತೊಡಗಿತು. ಕ್ರ್ಯಾಂಕ್‌ಕೇಸಿನ ಅನಿಲವನ್ನು ಎಂಜಿನ್ನೇ ಮತ್ತೆ ಒಳಗೆಳೆದುಕೊಂಡು ಸುಟ್ಟುಹಾಕುವ ವ್ಯವಸ್ಥೆ ಅದು. ಕಾರಿನ ಹೊಗೆಗೆ ಕಡಿವಾಣ ಹಾಕಲು ಬಂದ ಮೊದಮೊದಲ ಸಾಧನಗಳಲ್ಲಿ ಒಂದು. ನಮ್ಮ ಬಿಎಸ್-6 ನಿಯಮದಲ್ಲೂ ಕ್ರ್ಯಾಂಕ್‌ಕೇಸಿನ ಅನಿಲವನ್ನು ನೇರವಾಗಿ ಗಾಳಿಗೆ ಬಿಡುವಂತಿಲ್ಲ.

ಅನಿಲ ಒಳಗೆ ಹೋಗುವಾಗ ಆಯಿಲ್ ಹನಿಗಳನ್ನೂ ಜೊತೆಗೆ ಒಯ್ಯುತ್ತದೆ. ಎಲ್ಲ ತಕರಾರು ಶುರುವಾಗುವುದು ಇಲ್ಲಿ.

ಟರ್ಬೊ ಕಾರಿನಲ್ಲಿ ಈ ಅನಿಲಕ್ಕೆ ಒಂದಲ್ಲ, ಎರಡು ದಾರಿ. ಡಬ್ಬಿ ಮಾರುವವರಲ್ಲಿ ಅನೇಕರು ಈ ವಿಷಯವನ್ನೇ ಎತ್ತುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಿಗ್ನಲ್‌ನಲ್ಲಿ ನಿಂತಾಗ, ನಿಧಾನಕ್ಕೆ ಹೋಗುವಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೆ ಗಾಳಿಯ ಒತ್ತಡ ಹೊರಗಿಗಿಂತ ಕಡಿಮೆ. ಅದು ಪಿಸಿವಿ ವಾಲ್ವ್ ಮೂಲಕ ಅನಿಲವನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಆಕ್ಸಿಲರೇಟರ್ ಒತ್ತಿ ಟರ್ಬೊ ಬೂಸ್ಟ್ ಕೊಡತೊಡಗಿದ ಕೂಡಲೇ ಮ್ಯಾನಿಫೋಲ್ಡಿನ ಒತ್ತಡ ಹೊರಗಿಗಿಂತ ಹೆಚ್ಚಾಗುತ್ತದೆ; ಆ ಬಾಗಿಲು ಮುಚ್ಚಿಕೊಳ್ಳುತ್ತದೆ. ಆಗ ಅನಿಲ ಇನ್ನೊಂದು ಬ್ರೀದರ್ ಪೈಪಿನಲ್ಲಿ ಹಾದು ಟರ್ಬೊದ ಬಾಯಿಗೆ, ಏರ್ ಫಿಲ್ಟರಿನ ನಂತರದ ಜಾಗಕ್ಕೆ ಹೋಗುತ್ತದೆ. ಅಲ್ಲಿಂದ ಟರ್ಬೊ ಚಕ್ರ, ಇಂಟರ್‌ಕೂಲರ್, ಥ್ರಾಟಲ್ ದಾಟಿ ಸಿಲಿಂಡರಿಗೆ. ಇಂಟರ್‌ಕೂಲರಿನ ಪೈಪು ಬಿಚ್ಚಿದಾಗ ಒಳಗೆ ತೆಳ್ಳಗೆ ಎಣ್ಣೆ ಸವರಿದಂತೆ ಕಂಡರೆ ಗಾಬರಿ ಬೇಡ. ಟರ್ಬೊ ಎಂಜಿನ್ನುಗಳಲ್ಲಿ ಅಷ್ಟು ಇರುವುದೇ. ಎಣ್ಣೆ ನಿಂತಿದ್ದರೆ, ತೊಟ್ಟಿಕ್ಕಿದರೆ ಮಾತ್ರ ವಿಚಾರಿಸಬೇಕು. ಅಂಥಲ್ಲಿ ಟರ್ಬೊದ ಸೀಲು ಹೋಗಿರಬಹುದು. ಅದಕ್ಕೆ ಕ್ಯಾಚ್ ಕ್ಯಾನ್ ಮದ್ದಲ್ಲ.

ಒಂದೇ ಡಬ್ಬಿಯನ್ನು ಒಂದು ದಾರಿಗೆ ಕೂರಿಸಿದರೆ ಇನ್ನೊಂದು ದಾರಿಯ ಆಯಿಲ್ ಹಾಗೆಯೇ ಹೋಗುತ್ತಿರುತ್ತದೆ. ಬೂಸ್ಟ್ ಇದ್ದಾಗಲೇ ಬ್ಲೋ-ಬೈ ಹೆಚ್ಚು; ಆ ಕಡೆಯ ಪೈಪನ್ನು ಬಿಟ್ಟು ಪಿಸಿವಿ ಕಡೆಗೆ ಮಾತ್ರ ಡಬ್ಬಿ ಹಾಕಿಸಿ, ಕೆಲಸ ಮುಗಿಯಿತೆಂದು ನೆಮ್ಮದಿಯಾಗಿರುವವರು ಬಹಳ.

ಈಗ ವಾಲ್ವಿನ ಮಾತು. ಹಳೆಯ ಬಗೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಇಂಜೆಕ್ಟರ್ ಇರುವುದು ಇನ್‌ಟೇಕ್ ವಾಲ್ವಿನ ಹಿಂದೆ. ಅದು ಚಿಮ್ಮಿಸುವ ಪೆಟ್ರೋಲ್ ವಾಲ್ವಿನ ಬೆನ್ನಿಗೆ ಬಡಿದು, ಅಲ್ಲಿ ಅಂಟಿದ ಎಣ್ಣೆಯನ್ನು ತೊಳೆದುಕೊಂಡೇ ಒಳಗೆ ಹೋಗುತ್ತದೆ. ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನಲ್ಲಿ ಇಂಜೆಕ್ಟರಿನ ಮೂತಿ ಸಿಲಿಂಡರಿನ ಒಳಗೇ ಇದೆ. 200 ಬಾರ್ ಆಸುಪಾಸಿನ ಅಥವಾ ಇನ್ನೂ ಹೆಚ್ಚಿನ ಒತ್ತಡದಲ್ಲಿ ಪೆಟ್ರೋಲ್ ನೇರ ಅಲ್ಲಿಗೇ ಹೋಗುತ್ತದೆ. ಮೈಲೇಜಿಗೂ ಪಿಕಪ್ಪಿಗೂ ಇದು ಒಳ್ಳೆಯದು. ಆದರೆ ವಾಲ್ವಿನ ಬೆನ್ನನ್ನು ತೊಳೆಯುವವರು ಯಾರೂ ಇಲ್ಲ. ಅದರ ಮೇಲೆ ಕೂತ ಆಯಿಲ್ ಬಿಸಿಗೆ ಬೆಂದು, ಹೊಗೆಯ ಮಸಿ ಸೇರಿ, ಪದರದ ಮೇಲೆ ಪದರವಾಗಿ ಗಟ್ಟಿಯಾಗುತ್ತದೆ. ಮ್ಯಾನಿಫೋಲ್ಡ್ ಬಿಚ್ಚಿ ಟಾರ್ಚು ಹಿಡಿದರೆ ವಾಲ್ವಿನ ಕಾಂಡದ ಸುತ್ತ ಒರಟೊರಟಾದ ಕಪ್ಪು ಗಂಟುಗಳು. ಉಗುರಿನಿಂದ ಕೆರೆದರೆ ಮೇಲಿನದು ಪುಡಿಯಾಗಿ ಉದುರುತ್ತದೆ, ತಳದ್ದು ಜಪ್ಪಯ್ಯ ಅಂದರೂ ಬರುವುದಿಲ್ಲ. ಗಾಳಿಯ ದಾರಿ ಕಿರಿದಾಗಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಡುಗುತ್ತದೆ, ಪಿಕಪ್ ಇಳಿಯುತ್ತದೆ, ಮಿಸ್‌ಫೈರ್ ಆಗುತ್ತದೆ. ಆಡಿಯ 4.2 ಲೀಟರ್ ಎಫ್‌ಎಸ್‌ಐ ವಿ8 ಎಂಜಿನ್ ಈ ಕಾಯಿಲೆಗೆ ಹೆಸರಾಗಿತ್ತು, ಅದಕ್ಕೆ ಟರ್ಬೊ ಇರಲಿಲ್ಲ ಎಂಬುದನ್ನು ಗಮನಿಸಿ. ಕಾರ್ಬನ್ ಕಟ್ಟುವುದು ಟರ್ಬೊದ ತಪ್ಪಲ್ಲ, ಇಂಜೆಕ್ಷನ್ ಬಗೆಯ ಪರಿಣಾಮ.

ಆದ್ದರಿಂದ ನಿಮ್ಮ ಕಾರಿನದು ಯಾವ ಇಂಜೆಕ್ಷನ್ ಎಂದು ಮೊದಲು ತಿಳಿದುಕೊಳ್ಳಿ. ಫೋಕ್ಸ್‌ವ್ಯಾಗನ್ ಟೈಗುನ್, ವರ್ಟಸ್, ಸ್ಕೋಡಾ ಕುಶಾಕ್, ಸ್ಲಾವಿಯಾಗಳ ಟಿಎಸ್‌ಐ, ಹುಂಡೈ ವೆನ್ಯೂ, ಕಿಯಾ ಸೋನೆಟ್‌ಗಳ 1.0 ಲೀಟರ್ ಟಿ-ಜಿಡಿಐ, ಮಹೀಂದ್ರದ ಟಿಜಿಡಿಐ ಇವೆಲ್ಲ ಡೈರೆಕ್ಟ್ ಇಂಜೆಕ್ಷನ್. ಟಾಟಾ ನೆಕ್ಸಾನಿನ 1.2 ಲೀಟರ್ ಟರ್ಬೊ, ನಿಸಾನ್ ಮ್ಯಾಗ್ನೈಟಿನ 1.0 ಲೀಟರ್ ಟರ್ಬೊ ಹಳೆಯ ಬಗೆಯ ಪೋರ್ಟ್ ಇಂಜೆಕ್ಷನ್. ಈ ಎರಡನೇ ಗುಂಪಿನವರು ವಾಲ್ವಿನ ಕಾರ್ಬನ್‌ಗೆ ಹೆದರಿ ಡಬ್ಬಿ ಕೊಳ್ಳುವ ಅಗತ್ಯವೇ ಇಲ್ಲ. ಅವರ ವಾಲ್ವನ್ನು ಪೆಟ್ರೋಲೇ ತೊಳೆಯುತ್ತಿದೆ.

ಮೊದಲ ಗುಂಪಿನವರಿಗೆ ಡಬ್ಬಿಯಿಂದ ಎಷ್ಟು ಉಪಯೋಗ? ಕ್ಯಾಚ್ ಕ್ಯಾನಿನ ಕೆಲಸ ಸರಳ. ಅನಿಲ ಕಿರಿದಾದ ಹೋಸಿನಿಂದ ಅಗಲವಾದ ಡಬ್ಬಿಗೆ ಬಂದಾಗ ವೇಗ ಕಳೆದುಕೊಳ್ಳುತ್ತದೆ, ತಣ್ಣಗಾಗುತ್ತದೆ. ಒಳಗಿನ ತಡೆಗೋಡೆಗೆ, ಸ್ಟೀಲ್ ಜಾಲರಿಗೆ ಬಡಿದ ಹನಿಗಳು ಒಂದಕ್ಕೊಂದು ಕೂಡಿ ತಳಕ್ಕೆ ಇಳಿಯುತ್ತವೆ. ದೊಡ್ಡ ಹನಿಗಳಿಗೆ ಇದು ಸಾಕು. ಆದರೆ ಬ್ಲೋ-ಬೈ ಜೊತೆ ತೇಲುವ ಆಯಿಲ್‌ನಲ್ಲಿ ಬಹಳಷ್ಟು ಒಂದೆರಡು ಮೈಕ್ರಾನ್ ಅಥವಾ ಅದಕ್ಕಿಂತ ಚಿಕ್ಕ ಹನಿಗಳು. ಅವು ಗಾಳಿಯೊಂದಿಗೇ ತಿರುವಿಕೊಂಡು ಜಾಲರಿ ತಪ್ಪಿಸಿ ಆಚೆ ಹೋಗುತ್ತವೆ. ಅದೂ ಅಲ್ಲದೆ ಕಂಪನಿಯವರು ಎಂಜಿನ್ನಿನಲ್ಲೇ ಒಂದು ಆಯಿಲ್ ಸೆಪರೇಟರ್ ಕೊಟ್ಟಿರುತ್ತಾರೆ. ದೊಡ್ಡ ಹನಿಗಳನ್ನು ಅದು ಆಗಲೇ ಹಿಡಿದು ಎಂಜಿನ್ ತಳದ ಆಯಿಲ್ ಸಂಪ್‌ಗೆ ವಾಪಸು ಕಳಿಸಿರುತ್ತದೆ. ಹೊರಗಿನಿಂದ ಹಾಕುವ ಡಬ್ಬಿಗೆ ಸಿಗುವುದು ಅದರ ಕೈ ತಪ್ಪಿಸಿಕೊಂಡ ಪಾಲು ಮಾತ್ರ. ಒಳಗೆ ಏನೂ ಇಲ್ಲದ ಬರಿ ಟೊಳ್ಳು ಡಬ್ಬಿಯಾದರೆ ಅದೂ ಸಿಗುವುದು ಅನುಮಾನ.

"ಹಾಗಾದ್ರೆ ನಮ್ಮ ಡಬ್ಬಿ ತುಂಬಿದ್ದು ಏನು?" ಎಂದು ಹಾಕಿಸಿದವರು ಕೇಳುತ್ತಾರೆ. ತುಂಬುವುದು ನಿಜ. ದಿನಾ ನಾಲ್ಕೈದು ಕಿಲೋಮೀಟರ್ ಓಡಿ ನಿಲ್ಲುವ ಕಾರಿನ ಡಬ್ಬಿಯ ತಳ ತಿರುಗಿಸಿ ಗಾಜಿನ ಲೋಟಕ್ಕೆ ಸುರಿದು ನೋಡಿ. ಬರುವುದು ಹಾಲು ಹೆಚ್ಚಾದ ಕಾಫಿಯ ಬಣ್ಣದ ದ್ರವ, ಮೂಗಿಗೆ ಹಿಡಿದರೆ ಪೆಟ್ರೋಲಿನ ಘಾಟು. ಲೋಟವನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟರೆ ಎಷ್ಟೋ ಸಲ ತಳದಲ್ಲಿ ನೀರು ಬೇರ್ಪಟ್ಟು ನಿಲ್ಲುತ್ತದೆ, ಮೇಲೆ ಕಂದು ಪದರ. ಅದರಲ್ಲಿ ಆಯಿಲ್ ಒಂದು ಪಾಲು, ಉಳಿದದ್ದು ನೀರು ಮತ್ತು ಪೆಟ್ರೋಲ್. ಇಷ್ಟೂ ವಾಲ್ವಿನ ಮೇಲೆ ಕಾರ್ಬನ್ ಆಗುತ್ತಿತ್ತು ಎಂದು ಹೇಳಿ ಮಾರುವುದು ಸರಿಯಲ್ಲ. ನೀರು, ಪೆಟ್ರೋಲು ಎಂಜಿನ್ನಿನೊಳಗೆ ಹೋಗಿ ಆವಿಯಾಗಿ ಮುಗಿದುಹೋಗುತ್ತಿದ್ದವು.

ಇನ್ನೊಂದು ಮಾತು. ವಾಲ್ವಿಗೆ ಆಯಿಲ್ ಬರುವುದು ಬ್ರೀದರ್ ಪೈಪಿನಿಂದ ಮಾತ್ರವಲ್ಲ. ವಾಲ್ವಿನ ಕಾಂಡದ ಸೀಲಿನಲ್ಲಿ ಜಿನುಗಿ ಬರುತ್ತದೆ. ಸಿಲಿಂಡರಿನ ಉರಿದ ಹೊಗೆ ಕೊಂಚ ಹಿಂದಕ್ಕೆ ಮರಳಿದಾಗ ಮಸಿ ಬರುತ್ತದೆ. ಅದನ್ನು ಯಾವ ಡಬ್ಬಿಯೂ ತಡೆಯದು. ಟೊಯೋಟಾ 2005ರಲ್ಲಿ ಲೆಕ್ಸಸ್ ಕಾರಿಗೆ ಪೋರ್ಟ್ ಮತ್ತು ಡೈರೆಕ್ಟ್ ಎರಡೂ ಇಂಜೆಕ್ಟರ್ ಇರುವ ಎಂಜಿನ್ ಕೊಟ್ಟಿತು. ಮುಂದೆ ಫೋರ್ಡ್, ಆಡಿಗಳೂ ಕೆಲವು ಎಂಜಿನ್‌ಗಳಲ್ಲಿ ಅದೇ ದಾರಿ ಹಿಡಿದವು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ವಾಲ್ವ್ ತೊಳೆಯುವ ಸಮಸ್ಯೆಗೆ ನಿಜವಾದ ಪರಿಹಾರ ಸಿಕ್ಕಿದ್ದು ಅಲ್ಲಿ. ಹಾಗಂತ ಡಬ್ಬಿ ಪೂರಾ ದಂಡ ಎನ್ನುವುದೂ ತಪ್ಪು. ಫೋರ್ಡ್‌ನ ಪರ್ಫಾರ್ಮೆನ್ಸ್ ವಿಭಾಗವೇ ಮಸ್ಟಾಂಗ್ ಕಾರಿಗೆ ಆಯಿಲ್ ಸೆಪರೇಟರ್ ಮಾರುತ್ತದೆ. ಒಳ್ಳೆಯ ಡಬ್ಬಿ ವಾಲ್ವಿಗೆ ಹೋಗುವ ಆಯಿಲನ್ನು ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ.

ಅದು ಖಂಡಿತ ಬೇಕಾಗುವ ಜಾಗ ರೇಸ್ ಟ್ರ್ಯಾಕ್. ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲೋ ಚೆನ್ನೈ ಬಳಿಯ ಇರುಂಗಾಟ್ಟುಕೊಟ್ಟೈಯಲ್ಲೋ ಲ್ಯಾಪ್ ಮೇಲೆ ಲ್ಯಾಪ್ ಹೊಡೆಯುವಾಗ ತಿರುವುಗಳಲ್ಲಿ ಆಯಿಲ್ ಒಂದು ಮಗ್ಗುಲಿಗೆ ನುಗ್ಗುತ್ತದೆ, ಆರ್‌ಪಿಎಂ ಇಳಿಯುವುದೇ ಇಲ್ಲ, ಬ್ರೀದರಿನಿಂದ ಆಯಿಲ್ ಧಾರೆಯಾಗಿಯೇ ಬರಬಹುದು. ಅದು ಟ್ರ್ಯಾಕಿಗೆ ಚೆಲ್ಲಿದರೆ ಹಿಂದೆ ಬರುವವನ ಜೀವಕ್ಕೇ ಸಂಚಕಾರ. ಅದಕ್ಕೇ ಅಂತಾರಾಷ್ಟ್ರೀಯ ಮೋಟಾರು ಕ್ರೀಡೆಯನ್ನು ನಡೆಸುವ ಎಫ್‌ಐಎ, ಬ್ರೀದರ್ ಹೊರಕ್ಕೆ ತೆರೆದಿರುವ ಕಾರುಗಳಿಗೆ ಕ್ಯಾಚ್ ಟ್ಯಾಂಕ್ ಕಡ್ಡಾಯ ಮಾಡಿದೆ: 2000 ಸಿಸಿವರೆಗಿನ ಎಂಜಿನ್ನಿಗೆ ಕನಿಷ್ಠ 2 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 3 ಲೀಟರ್. ಬೀದಿಯ ಕಾರಿನ ಡಬ್ಬಿಗೆ ಮೂಲ ಇದೇ. ಎಂಜಿನ್ನಿನ ಕಂಪ್ಯೂಟರನ್ನು (ಇಸಿಯು) ಟ್ಯೂನ್ ಮಾಡಿಸಿ ಬೂಸ್ಟ್ ಏರಿಸಿದವರದೂ ಇದೇ ಲೆಕ್ಕ. ಕಂಪನಿ ಕೊಟ್ಟ ಸೆಪರೇಟರ್ ಕಂಪನಿ ಕೊಟ್ಟ ಬೂಸ್ಟಿಗೆ ಅಳೆದದ್ದು. ಬೂಸ್ಟ್ ಏರಿದರೆ ಬ್ಲೋ-ಬೈ ಏರುತ್ತದೆ. ಸಿಲಿಂಡರಿಗೆ ಹೋದ ಆಯಿಲ್ ಮಿಶ್ರಣದ ಆಕ್ಟೇನ್ ಇಳಿಸಿ ನಾಕಿಂಗ್ ತರುತ್ತದೆ. ಅಂಥವರು ಹಾಕಿಸಲಿ.

ಉಳಿದವರು ಹಾಕಿಸಿದಾಗ ಆಗುವ ಕೆಡುಕನ್ನೂ ಹೇಳಬೇಕು. ನೀರಿನ ಪೈಪಿನಂಥ ಸಾಮಾನ್ಯ ಹೋಸು ಹಾಕಿದರೆ ಬಿಸಿ ಆಯಿಲಿಗೆ ಅದು ಮೆತ್ತಗಾಗಿ, ಒಳಗಿನ ಎಳೆತಕ್ಕೆ ಚಪ್ಪಟೆಯಾಗಿ ಮುಚ್ಚಿಕೊಳ್ಳುತ್ತದೆ. ಡಬ್ಬಿ ತುಂಬಿದ್ದನ್ನು ಮರೆತರೂ ಹಾಗೆಯೇ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿ ಕ್ರ್ಯಾಂಕ್‌ಶಾಫ್ಟಿನ ಹಿಂತುದಿಯ ರಿಯರ್ ಮೇನ್ ಸೀಲ್ ಸೋರತೊಡಗಿದರೆ ಗೇರ್‌ಬಾಕ್ಸ್ ಇಳಿಸಿಯೇ ಸೀಲು ಬದಲಿಸಬೇಕು. ಡಬ್ಬಿಯ ಬೆಲೆ ಆ ಖರ್ಚಿನ ಮುಂದೆ ಏನೇನೂ ಅಲ್ಲ. ಕ್ಲಿಪ್ಪು ಸಡಿಲವಾದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗಿ ಚೆಕ್ ಎಂಜಿನ್ ಲೈಟು ಹೊತ್ತಿಕೊಳ್ಳುತ್ತದೆ. ಕೆನಡಾದಲ್ಲೋ ಅಮೆರಿಕದ ಮಿಷಿಗನ್‌ನಲ್ಲೋ ಇರುವ ಕನ್ನಡಿಗರಿಗೆ ಇನ್ನೊಂದು ಅಪಾಯವಿದೆ: ಚಳಿಗಾಲದಲ್ಲಿ ಡಬ್ಬಿಯ ನೀರು ಹೆಪ್ಪುಗಟ್ಟಿ ದಾರಿಯನ್ನೇ ಕಟ್ಟಿಹಾಕುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಡಬ್ಬಿಯ ತಲೆಯ ಮೇಲೆ ಪುಟ್ಟ ಫಿಲ್ಟರ್ ಕೂರಿಸಿ ಅನಿಲವನ್ನು ಹೊರಗೇ ಬಿಡುವ ಬಗೆ. ಎಸಿ ಹಾಕಿ ಸಿಗ್ನಲ್‌ನಲ್ಲಿ ನಿಂತರೆ ಆ ವಾಸನೆ ಒಳಗಿರುವ ಮಕ್ಕಳ ಮೂಗಿಗೂ ಬರುತ್ತದೆ. ಪಿಯುಸಿ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ, ಅಲ್ಲಿ ನೋಡುವುದು ಸೈಲೆನ್ಸರಿನ ಹೊಗೆಯನ್ನು ಮಾತ್ರ. ಆದರೆ ಕಾನೂನಿಗೆ ಇದು ವಿರುದ್ಧ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇವೆ. ಅರವತ್ತು ವರ್ಷದ ಹಿಂದೆ ಮುಚ್ಚಿಸಿದ ಕೊಳವೆಯನ್ನು ನಾವು ಮತ್ತೆ ನಮ್ಮೂರಿನ ಗಾಳಿಗೆ ತೆರೆಯಬಾರದು.

ಡೀಸೆಲ್ ಟರ್ಬೊ ಇರುವವರಿಗೆ ಎರಡು ಮಾತು ಸಾಕು. ಅಲ್ಲಿ ಉರಿದ ಹೊಗೆಯ ಒಂದಷ್ಟನ್ನು ಮತ್ತೆ ಒಳಗೆ ಕಳಿಸುವ ಇಜಿಆರ್ ತರುವ ಮಸಿಯೂ ಬ್ರೀದರ್ ತರುವ ಆಯಿಲೂ ಮ್ಯಾನಿಫೋಲ್ಡಿನಲ್ಲಿ ಕಲೆತು ಡಾಂಬರಿನಂಥ ಕೆಸರಾಗುತ್ತದೆ. ಆಸ್ಟ್ರೇಲಿಯಾದ ಜೀಪುಪ್ರಿಯರು ಮಾನ್-ಹಮ್ಮೆಲ್ ಕಂಪನಿಯ ಪ್ರೊವೆಂಟ್‌ನಂಥ ಸೆಪರೇಟರ್ ಹಾಕಿಸುವುದು ಇದಕ್ಕೇ. ಒಳಗಿನ ಫಿಲ್ಟರ್ ಕಟ್ಟಿಕೊಂಡರೆ ಒತ್ತಡ ಬಿಡಲು ಅದರಲ್ಲಿ ಪ್ರತ್ಯೇಕ ವಾಲ್ವ್ ಇರುತ್ತದೆ. ಹಳೆಯ ಡೀಸೆಲ್ ಗಾಡಿಯಲ್ಲಿ ಇದಕ್ಕೆ ಅರ್ಥವಿದೆ.

ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಪೆಟ್ರೋಲ್ ಕಾರನ್ನು ಕಂಪನಿ ಕೊಟ್ಟ ಹಾಗೆಯೇ ಓಡಿಸುವವರು ಡಬ್ಬಿಯ ದುಡ್ಡನ್ನು ಒಳ್ಳೆಯ ಆಯಿಲಿಗೆ ಹಾಕಿ. ಕಡಿಮೆ ಆರ್‌ಪಿಎಂ, ಜಾಸ್ತಿ ಭಾರ ಇದ್ದಾಗ ಸ್ಪಾರ್ಕಿಗಿಂತ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಂಡು ಪಿಸ್ಟನ್ ಒಡೆಯುವಷ್ಟು ಒತ್ತಡ ಬರುವ ಅಪಾಯ ಈ ಎಂಜಿನ್‌ಗಳಿಗಿದೆ. ಸಿಲಿಂಡರಿಗೆ ಹೋಗುವ ಆಯಿಲ್ ಹನಿಯೂ, ಆಯಿಲಿಗೆ ಬೆರೆಸಿದ ಕ್ಯಾಲ್ಸಿಯಂ ಅಂಶವೂ ಅದಕ್ಕೆ ಕುಮ್ಮಕ್ಕು ಕೊಡುತ್ತವೆ ಎಂದು ತಿಳಿದ ಮೇಲೆ 2018ರಲ್ಲಿ ಎಪಿಐ ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ಎಂಬ ಆಯಿಲ್ ದರ್ಜೆಗಳು ಬಂದವು. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡು, ಕಂಪನಿಯ ಒಪ್ಪಿಗೆ ಸಂಖ್ಯೆ ಡಬ್ಬದ ಮೇಲಿದೆಯೇ ಎಂದು ಕಣ್ಣಾರೆ ನೋಡಿ ಹಾಕಿಸಿ. ಚಾರ್ಮಾಡಿ, ಶಿರಾಡಿ ಹತ್ತುವಾಗ ಗೇರ್ ಇಳಿಸದೆ ಎಂಜಿನ್ನನ್ನು ಕುಂಟಿಸಬೇಡಿ. ಬೆಂಗಳೂರಿನ ಸಿಲ್ಕ್ ಬೋರ್ಡ್ ಕಡೆ ಓಡಾಡುವ ಕಾರಿನ ಮೀಟರ್ ಓಡುವುದು ಕಡಿಮೆ, ಎಂಜಿನ್ ಓಡುವ ಗಂಟೆಗಳು ಜಾಸ್ತಿ. 15,000 ಕಿಲೋಮೀಟರಿಗೆ ಬದಲಿಸಿ ಎಂದು ಪುಸ್ತಕ ಹೇಳಿದರೂ ಅಂಥವರು ಏಳೆಂಟು ಸಾವಿರಕ್ಕೇ ಆಯಿಲ್ ಬದಲಿಸುವುದು ಲೇಸು. ವಾರಕ್ಕೊಮ್ಮೆ ಮೈಸೂರು ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಅರ್ಧ ಗಂಟೆ ಬಿಡುವಾಗಿ ಓಡಿಸಿದರೆ ಆಯಿಲಿನಲ್ಲಿ ಸೇರಿದ ನೀರು, ಪೆಟ್ರೋಲು ಆವಿಯಾಗಿ ಹೋಗುತ್ತವೆ. ಸರ್ವೀಸಿಗೆ ಬಿಟ್ಟಾಗ ಪಿಸಿವಿ ನೋಡಲು ಹೇಳಿ: ಐಡಲ್‌ನಲ್ಲಿ ಸಿಳ್ಳೆಯ ಸದ್ದು, ಬಿಡಿಸಲಾಗದಷ್ಟು ಒಳಕ್ಕೆ ಎಳೆದುಕೊಂಡ ಆಯಿಲ್ ಮುಚ್ಚಳ, ಇವು ಅದರ ಡಯಾಫ್ರಾಮ್ ಹರಿದ ಗುರುತು. ಅರವತ್ತು-ಎಂಬತ್ತು ಸಾವಿರ ಕಿಲೋಮೀಟರ್ ಆದ ಮೇಲೆ ಬೋರ್‌ಸ್ಕೋಪ್ ಕ್ಯಾಮೆರಾ ಇಳಿಸಿ ವಾಲ್ವ್ ನೋಡಿಸಿ. ಕಾರ್ಬನ್ ಕಟ್ಟಿದ್ದರೆ ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯುತ್ತಾರೆ, ಲೋಹಕ್ಕೆ ಗೀರು ಬೀಳುವುದಿಲ್ಲ. ಕಟ್ಟಿಲ್ಲದಿದ್ದರೆ ಏನೂ ಮಾಡಬೇಕಿಲ್ಲ.

ನನ್ನ ತೀರ್ಮಾನ ಇಷ್ಟು. ವಾರಂಟಿಯಲ್ಲಿರುವ, ಟ್ಯೂನ್ ಮಾಡದ, ಆಫೀಸಿಗೂ ಊರಿಗೂ ಓಡುವ ಟರ್ಬೊ ಕಾರಿಗೆ ಕ್ಯಾಚ್ ಕ್ಯಾನ್ ಬೇಡ. ಬ್ರೀದರ್ ಪೈಪಿಗೆ ಕೈ ಹಾಕಿದ್ದು ಕಂಡರೆ ನಾಳೆ ಎಂಜಿನ್ ತೊಂದರೆಗೆ ಕಂಪನಿ ಅದನ್ನೇ ನೆಪ ಮಾಡಬಹುದು. ಟ್ಯೂನ್ ಮಾಡಿಸಿದ, ಟ್ರ್ಯಾಕಿಗೆ ಹೋಗುವ, ವಾರಂಟಿ ಮುಗಿದ ಮೇಲೂ ಬಹುಕಾಲ ಇಟ್ಟುಕೊಳ್ಳುವ ಡೈರೆಕ್ಟ್ ಇಂಜೆಕ್ಷನ್ ಕಾರಿಗೆ ಹಾಕಿಸಿ. ಆದರೆ ಒಳಗೆ ಜಾಲರಿ ಮತ್ತು ತಡೆಗೋಡೆ ಇರುವುದನ್ನು, ಎರಡೂ ದಾರಿಗೆ, ಆಯಿಲ್ ತಡೆಯುವ ನೈಟ್ರೈಲ್ ಹೋಸಿನಲ್ಲಿ, ಎಂಜಿನ್ ಬಿಸಿಯಿಂದ ದೂರಕ್ಕೆ, ಅನಿಲ ಹೊರಹೋಗದೆ ಮತ್ತೆ ಎಂಜಿನ್ನಿಗೇ ಸೇರುವಂತೆ ಹಾಕಿಸಿ. ಮೊದಲ ಸಾವಿರ ಕಿಲೋಮೀಟರಿಗೆ ತೆರೆದು ನೋಡಿ. ಎಷ್ಟು ತುಂಬಿದೆ ಎಂಬುದರ ಮೇಲೆ ಮುಂದಿನ ಗಡುವು ಇಟ್ಟುಕೊಳ್ಳಿ. ಅದರಲ್ಲಿ ಸಿಕ್ಕಿದ್ದನ್ನು ಮನೆ ಮುಂದಿನ ಚರಂಡಿಗೆ ಸುರಿಯಬೇಡಿ. ಬಳಸಿದ ಆಯಿಲ್ 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಬಾಟಲಿಯಲ್ಲಿ ತುಂಬಿಟ್ಟು ಮುಂದಿನ ಸರ್ವೀಸಿನಲ್ಲಿ ಗ್ಯಾರೇಜಿನ ಹಳೆ ಆಯಿಲಿನ ಡ್ರಮ್ಮಿಗೆ ಕೊಡಿ.